ಪರರ ಬಾಯಿ ಕಟ್ಟುವ ವ್ರತ

ಬಾಯಿ ಕಟ್ಟುವುದು ಜೈನ ಮನೆತನಗಳಲ್ಲಿ ಎಳವೆಯಿಂದಲೇ ಬರುವ ಅಭ್ಯಾಸ. ಅಷ್ಟಮಿ ಚತುರ್ದಶಿಗಳ ಉಪವಾಸ, ಸೂರ್ಯಾಸ್ತದ ಅನಂತರ ಆಹಾರತ್ಯಾಗ, ಕಂದಮೂಲಗಳ ವರ್ಜನೆ, ದಶಲಕ್ಷಣ ಪರ್ವದ ಏಕಭುಕ್ತ, ಹೆಂಗಳೆಯರ ನೋಂಪಿಗಳು, ಇವೆಲ್ಲವೂ ವ್ರತಿಯು ತನ್ನ ನಾಲಗೆಗೆ ತಾನೇ ತೊಡಿಸಿಕೊಳ್ಳುವ ಕಡಿವಾಣಗಳು. ತಾನೇ ತೊಡಿಸಿಕೊಂಡದ್ದರಿಂದಲೇ ಅವಕ್ಕೆ ವ್ರತವೆಂಬ ಹೆಸರು. ಆದರೆ ಈಚಿನ ವರ್ಷಗಳಲ್ಲಿ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿ, ಮಂಗಳೂರುಗಳ ಎಷ್ಟೋ ಮನೆಗಳಲ್ಲಿ ಈ ಕಡಿವಾಣವು ಮನೆಯೊಡೆಯನ ನಾಲಗೆಯನ್ನು ದಾಟಿ, ಮೂಲೆಯಲ್ಲಿ ಸರಪಳಿಗೆ ಬಿಗಿದ ನಾಯಿಯ ಬಾಯಿಗೆ, ಬಾಲ್ಕನಿಯಲ್ಲಿ ಕೂಡಿಟ್ಟ ಬೆಕ್ಕಿನ ಬಾಯಿಗೆ ಬಿದ್ದಿದೆ. “ನಮ್ಮ ನಾಯಿಯೂ ಶುದ್ಧ ಸಸ್ಯಾಹಾರಿ” ಎಂದು ಬಂದವರ ಮುಂದೆ ಹೇಳಿಕೊಳ್ಳುವುದು ಹೆಮ್ಮೆಯ ಮಾತಾಗಿದೆ. ಹಾಲನ್ನೂ ತ್ಯಜಿಸಿದ ‘ವೀಗನ್’ ತರುಣರ ಮನೆಗಳಲ್ಲಿ ಆ ಹೆಮ್ಮೆ ಇನ್ನೊಂದು ಮೆಟ್ಟಿಲು ಏರಿದೆ: ಅಲ್ಲಿ ನಾಯಿಗೆ ಮೊಸರೂ ಇಲ್ಲ.

ಈ ಹೆಮ್ಮೆ ವಿಚಾರಣೆಯ ಮುಂದೆ ನಿಲ್ಲುವಂತಹುದೇ ಎಂಬುದನ್ನು ಸಮಾಜವು ಸಂಕೋಚವಿಲ್ಲದೆ ಕೇಳಿಕೊಳ್ಳಬೇಕಾಗಿದೆ. ಪರಜೀವಿಯ ಬಟ್ಟಲಿನಿಂದ ಮಾಂಸವನ್ನು ತೆಗೆದುಬಿಟ್ಟರೆ ಹಿಂಸೆಯೂ ಮನೆ ಬಿಟ್ಟು ಹೋಯಿತೆಂದು ತಿಳಿಯುವುದು ಅಹಿಂಸೆಯನ್ನು ಅಡುಗೆಮನೆಯ ಮಡಿಗೆ ಇಳಿಸಿದಂತೆ. ಮಾಂಸಾಹಾರಿಯಾಗಿ ಹುಟ್ಟಿದ ಪ್ರಾಣಿಯನ್ನು ತನ್ನ ವಿನೋದಕ್ಕಾಗಿ ಹಣ ಕೊಟ್ಟು ತಂದವನು ಹೊಸಲು ದಾಟಿಸಿದ ಗಳಿಗೆಯಲ್ಲಿಯೇ ಒಂದು ಹಿಂಸೆಯ ಬಾಗಿಲನ್ನು ತೆರೆದಿದ್ದಾನೆ. ಆಮೇಲೆ ಬಟ್ಟಲಿಗೆ ಏನು ಹಾಕಿದರೂ ಅದು ಆ ಬಾಗಿಲನ್ನು ಮುಚ್ಚುವ ಪ್ರಯತ್ನವೇ ಹೊರತು ವ್ರತಪಾಲನೆಯಲ್ಲ.

ಮೊದಲು ನಾಯಿಯ ವಿಷಯವನ್ನು ನೋಡುವುದು ನ್ಯಾಯ. ಏಕೆಂದರೆ ಅಲ್ಲಿ ಸಸ್ಯಾಹಾರವಾದಿಗಳ ಪಕ್ಷದಲ್ಲಿ ಸತ್ಯಾಂಶವುಂಟು. ತೋಳದ ವಂಶದ್ದಾದರೂ ನಾಯಿಯು ಸಾವಿರಾರು ವರ್ಷ ಮನುಷ್ಯನ ಅಂಗಳದ ಅನ್ನ ತಿಂದು ಒಳಗಿನಿಂದಲೇ ಬದಲಾಗಿದೆ. ಪಿಷ್ಟವನ್ನು ಅರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ 2 ಪ್ರತಿಗಳಿದ್ದರೆ ನಾಯಿಯಲ್ಲಿ 4ರಿಂದ 30ರವರೆಗೆ ಇರುತ್ತದೆಂದು ಸ್ವೀಡನ್ನಿನ ವಿಜ್ಞಾನಿಗಳ ಮುಂದಾಳತ್ವದ ಸಂಶೋಧನೆಯೊಂದು 2013ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿತು. 2022ರಲ್ಲಿ ಪ್ರಕಟವಾದ ಮತ್ತೊಂದು ಅಧ್ಯಯನದಲ್ಲಿ 2,536 ನಾಯಿಗಳ ಒಡೆಯರನ್ನು ಪ್ರಶ್ನಿಸಿದಾಗ, ವೀಗನ್ ಆಹಾರದ ನಾಯಿಗಳು ಸಾಮಾನ್ಯ ಮಾಂಸಾಹಾರದವುಗಳಿಗಿಂತ ಹೆಚ್ಚು ರೋಗಗ್ರಸ್ತವೆಂದು ಕಂಡುಬರಲಿಲ್ಲ. ಉತ್ತರ ಕೊಟ್ಟವರು ಒಡೆಯರೇ ಹೊರತು ನಾಯಿಯ ರಕ್ತ ಪರೀಕ್ಷಿಸಿದ ವೈದ್ಯರಲ್ಲವೆಂಬುದನ್ನು ಮರೆಯದಿದ್ದರೆ ಸಾಕು. ಬಹುಕಾಲ ಇಂತಹ ಆಹಾರವನ್ನು ಒಪ್ಪದಿದ್ದ ಬ್ರಿಟನ್ನಿನ ಪಶುವೈದ್ಯ ಸಂಘವೂ 2024ರಲ್ಲಿ, ಪೋಷಕಾಂಶಗಳು ಪೂರ್ಣವಾಗಿರಬೇಕೆಂಬ ಷರತ್ತಿನೊಡನೆ, ನಾಯಿಗಳ ಮಟ್ಟಿಗೆ ತನ್ನ ವಿರೋಧವನ್ನು ಸಡಿಲಿಸಿತು.

ಎಲ್ಲ ಮಾತಿನ ತಿರುಳು ಆ ಷರತ್ತಿನಲ್ಲಿದೆ. ಜೈನ ಮನೆಗಳಲ್ಲಿ ನಾಯಿಗೆ ದೊರೆಯುತ್ತಿರುವುದು ಪೋಷಕಾಂಶ ಲೆಕ್ಕ ಹಾಕಿ ಸಿದ್ಧಪಡಿಸಿದ ಸಸ್ಯಾಹಾರವಲ್ಲ, ಉಳಿದ ಮೊಸರನ್ನ. ಪಶು ಆಹಾರದ ಗುಣಮಟ್ಟ ನಿಗದಿಪಡಿಸುವ ಅಮೆರಿಕದ ಅಧಿಕಾರಿಗಳ ಸಂಘವು ಬೆಳೆದ ನಾಯಿಯ ಆಹಾರದ ಒಣ ಅಂಶದಲ್ಲಿ ಶೇಕಡಾ 18, ಬೆಳೆಯುವ ಮರಿಯ ಆಹಾರದಲ್ಲಿ ಶೇಕಡಾ 22.5 ಪ್ರೋಟೀನ್ ಇರಲೇಬೇಕೆನ್ನುತ್ತದೆ. ಅಕ್ಕಿಯಲ್ಲಿರುವುದು ಶೇಕಡಾ 7ರ ಆಸುಪಾಸು. ರಾಗಿಯಲ್ಲಿ ಸುಣ್ಣದ ಅಂಶ ಧಾರಾಳವಾಗಿದ್ದರೂ ಪ್ರೋಟೀನ್ ಅಕ್ಕಿಯಷ್ಟೇ. ಒಂದು ಸೌಟು ಮೊಸರು ಈ ಅಂತರವನ್ನು ತುಂಬಲಾರದು. ಹೊಟ್ಟೆ ತುಂಬಿದ ನಾಯಿ ಬಾಲ ಅಲ್ಲಾಡಿಸುತ್ತದೆ, ಮನೆಯವರಿಗೆ ಸಮಾಧಾನವಾಗುತ್ತದೆ. ಇತ್ತ ಮರಿಯ ಮುಂಗಾಲು ಬಿಲ್ಲಿನಂತೆ ಬಾಗುತ್ತದೆ, ರೋಮ ಕಳೆಗುಂದುತ್ತದೆ, ಸ್ನಾಯು ಸೊರಗುತ್ತದೆ. ಬೇಗ ಬೆಳೆಯುವ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್ ಮರಿಗಳಲ್ಲಿ ಇದು ಬೇಗನೆ ಗೋಚರವಾಗುತ್ತದೆ. ನಾಯಿಗೆ ವಿಷವಾದ ಈರುಳ್ಳಿ ಬೆಳ್ಳುಳ್ಳಿಗಳು ಜೈನರ ಅಡುಗೆಯಲ್ಲಿ ಇಲ್ಲದಿರುವುದು ಅದರ ಪುಣ್ಯವೆನ್ನಬೇಕು; ಆದರೆ ಪ್ರಸಾದವೆಂದು ಪ್ರೀತಿಯಿಂದ ತಿನ್ನಿಸುವ ಒಣದ್ರಾಕ್ಷಿಯು ಅದರ ಮೂತ್ರಪಿಂಡವನ್ನೇ ಕೆಡಿಸಬಲ್ಲುದೆಂಬುದು ಹೆಚ್ಚಿನವರಿಗೆ ತಿಳಿಯದು. ಇನ್ನು ಸೂರ್ಯಾಸ್ತಕ್ಕೆ ಮುನ್ನವೇ ನಾಯಿಗೆ ಊಟ ಮುಗಿಸುವ ಮನೆಗಳೂ ಉಂಟು. ಅದರಿಂದ ನಾಯಿಗೆ ನಷ್ಟವೇನೂ ಇಲ್ಲ.

ನಾಯಿಯನ್ನು ಸಸ್ಯಾಹಾರದಲ್ಲಿ ಸಾಕಲು ಸಾಧ್ಯವಿದೆ. ಸೋಯಾ, ಬೇಳೆಗಳ ಪ್ರೋಟೀನು, ತಕ್ಕ ಪ್ರಮಾಣದ ಸುಣ್ಣ ಮತ್ತು ರಂಜಕ, ಬಿ-12 ಹಾಗೂ ಡಿ ಜೀವಸತ್ವಗಳು, ಕೆಲವು ಅಮೈನೋ ಆಮ್ಲಗಳು, ಇವೆಲ್ಲ ಕೂಡಿದ ಆಹಾರ, ಪಶುವೈದ್ಯರ ಮೇಲ್ವಿಚಾರಣೆ, ಕಾಲಕಾಲಕ್ಕೆ ರಕ್ತಪರೀಕ್ಷೆ ಬೇಕು. ಬಟಾಣಿ, ಮಸೂರಗಳೇ ಪ್ರಧಾನವಾದ ಕೆಲವು ಸಿದ್ಧ ಆಹಾರಗಳಿಗೂ ನಾಯಿಗಳ ಹೃದ್ರೋಗಕ್ಕೂ ನಂಟಿದೆಯೇ ಎಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ತನಿಖೆ ಆರಂಭಿಸಿತು. ಕಾರಣ ಖಚಿತವಾಗಲಿಲ್ಲ, ಸಂದೇಹ ಪೂರ್ತಿ ಅಳಿಯಲೂ ಇಲ್ಲ. ಇಷ್ಟು ಶ್ರಮ, ಇಷ್ಟು ವೆಚ್ಚ ಹೊರಲು ಸಿದ್ಧನಿರುವವನು ಮಾಡಲಿ. ಸಿದ್ಧನಿಲ್ಲದವನು ಮೊಸರನ್ನದ ಬಟ್ಟಲನ್ನು ತೋರಿಸಿ ಅಹಿಂಸೆಯ ಮಾತನಾಡುವುದು ಬೇಡ.

ಬೆಕ್ಕಿನ ವಿಷಯ ಬೇರೆಯೇ. ಅದರ ಶರೀರವು ಮಾಂಸವನ್ನಲ್ಲದೆ ಬೇರೇನನ್ನೂ ನಂಬಿ ರೂಪುಗೊಂಡದ್ದಲ್ಲ. ಟಾರಿನ್ ಎಂಬ ಅಮೈನೋ ಆಮ್ಲವನ್ನು ಅದು ಬೇಕಾದಷ್ಟು ತಯಾರಿಸಿಕೊಳ್ಳಲಾರದು. ಕ್ಯಾರೆಟ್ಟಿನ ಬಣ್ಣದಿಂದ ಎ ಜೀವಸತ್ವವನ್ನು ಪಡೆಯಲಾರದು. ಎಣ್ಣೆಕಾಳುಗಳ ಕೊಬ್ಬಿನಿಂದ ಅರಾಕಿಡೋನಿಕ್ ಆಮ್ಲವನ್ನು ಸಾಕಷ್ಟು ಮಾಡಿಕೊಳ್ಳಲಾರದು. ಟಾರಿನ್ ಕೊರತೆಯಿಂದ ಬೆಕ್ಕಿನ ಅಕ್ಷಿಪಟಲ ನಶಿಸುತ್ತದೆಂಬುದು 1975ರಲ್ಲಿ, ಅದೇ ಕೊರತೆಯಿಂದ ಅದರ ಹೃದಯ ಹಿಗ್ಗಿ ಸೋಲುತ್ತದೆಂಬುದು 1987ರಲ್ಲಿ ‘ಸೈನ್ಸ್’ ಪತ್ರಿಕೆಯ ಮೂಲಕ ಜಗತ್ತಿಗೆ ತಿಳಿಯಿತು. ಬೆಳೆದ ಬೆಕ್ಕಿಗೂ ಆಹಾರದ ಒಣ ಅಂಶದಲ್ಲಿ ಶೇಕಡಾ 26 ಪ್ರೋಟೀನ್ ಬೇಕು. ಇದಲ್ಲದೆ ಸಸ್ಯಾಹಾರವು ಅದರ ಮೂತ್ರವನ್ನು ಕ್ಷಾರಗೊಳಿಸುವುದರಿಂದ ಹರಳು ಕಟ್ಟುವ ಭಯವುಂಟು. ಗಂಡುಬೆಕ್ಕಿನ ಸಪೂರವಾದ ಮೂತ್ರನಾಳ ಹರಳಿನಿಂದ ಮುಚ್ಚಿತೆಂದರೆ ಎರಡು ಮೂರು ದಿನಗಳೊಳಗೆ ಪ್ರಾಣವೇ ಹೋಗಬಹುದು. ಹಾಲು ಅನ್ನ ಕಲಸಿ ಮುಂದಿಟ್ಟವನು ಬೆಕ್ಕಿಗೆ ಆಹಾರ ಕೊಡಲಿಲ್ಲ. ಕುರುಡುತನವನ್ನು ನಿಧಾನವಾಗಿ ಬಡಿಸಿದ.

ಇಲ್ಲಿ ಒಂದು ಆಕ್ಷೇಪ ತಪ್ಪದೆ ಬರುತ್ತದೆ. ಹಳ್ಳಿಯ ಮನೆಗಳಲ್ಲಿ ತಲೆತಲಾಂತರದಿಂದ ಬೆಕ್ಕುಗಳು ಹಾಲನ್ನ ತಿಂದೇ ಬದುಕಲಿಲ್ಲವೇ? ಬದುಕಿದವು, ನಿಜ. ಹಗಲಲ್ಲಿ ಜಗಲಿಯ ಮೇಲೆ ಹಾಲನ್ನ ಉಂಡ ಬೆಕ್ಕು ರಾತ್ರಿ ಅಟ್ಟದಲ್ಲಿ, ಕಣಜದ ಹಿಂದೆ, ಹುಲ್ಲಿನ ಬಣವೆಯಲ್ಲಿ ತನ್ನ ನಿಜವಾದ ಊಟವನ್ನು ಹುಡುಕಿಕೊಳ್ಳುತ್ತಿತ್ತು. ಮನೆಯವರು ಅದನ್ನು ಸಾಕಿದ್ದೂ ಅದಕ್ಕಾಗಿಯೇ. ಇಲಿಯ ಪ್ರಾಣ ಹೋಗಬೇಕು, ಆದರೆ ಶ್ರಾವಕನ ಕೈಗೆ ಅಂಟಬಾರದು ಎಂಬ ಏರ್ಪಾಟು ಅದು. ಶಾಸ್ತ್ರಕಾರರಿಗೆ ಈ ಏರ್ಪಾಟು ತಿಳಿಯದೇ ಇರಲಿಲ್ಲ. ಸ್ವಾಮಿ ಕಾರ್ತಿಕೇಯರ ‘ಕಾರ್ತಿಕೇಯಾನುಪ್ರೇಕ್ಷೆ’ಯು ಬೆಕ್ಕು ಮೊದಲಾದ ಪ್ರಾಣಿಗಳನ್ನು ಸಾಕುವುದನ್ನು ಆಯುಧಗಳ ಮಾರಾಟದ ಸಾಲಿನಲ್ಲಿಯೇ ಇರಿಸಿ, ಅನರ್ಥದಂಡಗಳಲ್ಲಿ ನಾಲ್ಕನೆಯದೆಂದು ಎಣಿಸುತ್ತದೆ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರ ‘ಯೋಗಶಾಸ್ತ್ರ’ವು ಗಿಳಿ, ಗೊರವಂಕ, ಬೆಕ್ಕು, ನಾಯಿ, ಕೋಳಿ, ನವಿಲುಗಳನ್ನು ಹಣಕ್ಕಾಗಿ ಸಾಕುವುದನ್ನು ಶ್ರಾವಕನಿಗೆ ನಿಷಿದ್ಧವಾದ ಹದಿನೈದು ವೃತ್ತಿಗಳಲ್ಲಿ ಸೇರಿಸುತ್ತದೆ. ದಿಗಂಬರ ಶ್ವೇತಾಂಬರಗಳೆರಡರಲ್ಲಿಯೂ ಈ ಎಚ್ಚರಿಕೆ ಇರುವುದು ಗಮನಾರ್ಹ. ಪ್ರಾಣಿಗಳ ಮೇಲಣ ತಿರಸ್ಕಾರ ಇದಕ್ಕೆ ಕಾರಣವಲ್ಲ. ಪರಜೀವಿಯ ಸ್ವಭಾವವನ್ನು ಮನುಷ್ಯ ತನ್ನ ಲಾಭಕ್ಕೆ, ತನ್ನ ವಿನೋದಕ್ಕೆ ದುಡಿಸಿಕೊಳ್ಳಬಾರದೆಂಬ ವಿವೇಕ ಅದರ ಹಿಂದಿದೆ. ತಳಿ ನಾಯಿಯ ಹೆಣ್ಣನ್ನು ಕೋಣೆಯಲ್ಲಿ ಕೂಡಿ, ಈಯಿಸಿ ಈಯಿಸಿ ಮರಿ ಮಾರುವ ಇಂದಿನ ದಂಧೆಯನ್ನು ಹೇಮಚಂದ್ರರು ಕಂಡಿರಲಿಲ್ಲ. ಆದರೂ ಅವರ ಪಟ್ಟಿಯಲ್ಲಿ ಅದಕ್ಕೆ ಸ್ಥಳವಿದೆ. ಆ ದಂಧೆಯಿಂದ ಮರಿ ಕೊಳ್ಳುವ ಶ್ರಾವಕ ಕೃತದಿಂದ ತಪ್ಪಿಸಿಕೊಂಡರೂ ಕಾರಿತ ಅನುಮೋದನೆಗಳಿಂದ ತಪ್ಪಿಸಿಕೊಳ್ಳಲಾರ.

ಮಾಂಸಾಹಾರಿ ಜೀವಿಯೂ ಮಾಂಸವನ್ನು ತ್ಯಜಿಸಬಹುದೆಂಬುದಕ್ಕೆ ಪುರಾಣದಲ್ಲಿಯೇ ಆಧಾರವಿದೆಯೆಂದು ಕೆಲವರು ಮಹಾವೀರಸ್ವಾಮಿಯ ಪೂರ್ವಭವದ ಸಿಂಹವನ್ನು ಮುಂದಿಡುತ್ತಾರೆ. ಆಧಾರವಿದೆ, ಆದರೆ ಅದನ್ನು ಪೂರ್ತಿಯಾಗಿ ಓದಬೇಕು. ಗುಣಭದ್ರಾಚಾರ್ಯರ ‘ಉತ್ತರಪುರಾಣ’ದಲ್ಲಿ ಜಿಂಕೆಯನ್ನು ಕೊಂದು ನಿಂತ ಸಿಂಹಕ್ಕೆ ಇಬ್ಬರು ಚಾರಣಮುನಿಗಳು ಅದರ ಹಿಂದಿನ ಜನ್ಮಗಳನ್ನು ತಿಳಿಸುತ್ತಾರೆ. ಸಿಂಹ ಕಣ್ಣೀರಿಡುತ್ತದೆ, ಸಮ್ಯಕ್ತ್ವವನ್ನು ಪಡೆಯುತ್ತದೆ, ವ್ರತವನ್ನು ಸ್ವೀಕರಿಸುತ್ತದೆ. ಆಗ ಅದು ಹುಲ್ಲು ಮೇಯಲು ತೊಡಗಿತೇ? ಇಲ್ಲ. ಸಿಂಹಕ್ಕೆ ಮಾಂಸವಲ್ಲದೆ ಬೇರೆ ಆಹಾರವೇ ಇಲ್ಲವಾದುದರಿಂದ ಅದರ ವ್ರತವೆಂದರೆ ನಿರಾಹಾರವೇ ಆಯಿತೆಂದು ಆಚಾರ್ಯರು ನಿರ್ವಂಚನೆಯಿಂದ ಹೇಳುತ್ತಾರೆ. ಅದು ಉಪವಾಸದಿಂದ ದೇಹವನ್ನು ಬಿಟ್ಟು ಸೌಧರ್ಮ ಕಲ್ಪದಲ್ಲಿ ದೇವನಾಗಿ ಹುಟ್ಟಿತು. ಸಾವಿರದ ನೂರು ವರ್ಷಗಳ ಹಿಂದಿನ ಒಬ್ಬ ಮುನಿಗೆ ಸಿಂಹದ ಶರೀರಧರ್ಮದ ಬಗೆಗೆ ಇದ್ದ ಗೌರವ ಇಂದಿನ ಬೆಕ್ಕುಪ್ರಿಯರಿಗಿಲ್ಲ. ಮುನಿಗಳು ಸಿಂಹವನ್ನು ಪಂಜರದಲ್ಲಿಟ್ಟು ಕ್ಷೀರಾನ್ನ ತಿನ್ನಿಸಲಿಲ್ಲ. ಅದಕ್ಕೆ ತಿಳಿವನ್ನು ಕೊಟ್ಟರು, ತ್ಯಾಗವನ್ನು ಸಿಂಹವೇ ಆರಿಸಿಕೊಂಡಿತು. ಏಳನೆಯ ಅಂತಸ್ತಿನ ಬಾಗಿಲು ಮುಚ್ಚಿದ ಮನೆಯಲ್ಲಿರುವ ಬೆಕ್ಕು ಯಾವ ವ್ರತವನ್ನು ಯಾರಿಂದ ಸ್ವೀಕರಿಸಿದೆ?

ಅನ್ನಪಾನನಿರೋಧವೆಂಬ ಅತಿಚಾರವನ್ನು ಇಲ್ಲಿ ನೆನೆಯಬೇಕು. ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಪ್ರಾಣಿಯನ್ನು ಮನೆಯಲ್ಲಿಟ್ಟುಕೊಂಡ ಗೃಹಸ್ಥನನ್ನೇ ಕಣ್ಣ ಮುಂದಿರಿಸಿಕೊಂಡು ಬರೆದಂತಿದೆ ಈ ಸೂತ್ರ. ಕೊನೆಯದನ್ನು ಪಶುವಿಗೆ ಹಸಿವು ಬಾಯಾರಿಕೆಗಳ ಬಾಧೆ ಕೊಡುವುದೆಂದು ವ್ಯಾಖ್ಯಾನಿಸುವುದು ವಾಡಿಕೆ. ಹೊಟ್ಟೆ ತುಂಬ ಹಾಕಿ, ಶರೀರಕ್ಕೆ ಅವಶ್ಯವಾದುದನ್ನು ತಡೆದರೆ ಅದು ನಿರೋಧವಲ್ಲವೇ? ಖಾಲಿ ಬಟ್ಟಲು ಕಣ್ಣಿಗೆ ಕಾಣುತ್ತದೆ, ನೆರೆಮನೆಯವರೂ ಕೇಳುತ್ತಾರೆ. ತುಂಬಿದ ಬಟ್ಟಲಿನ ಉಪವಾಸ ಯಾರಿಗೂ ಕಾಣುವುದಿಲ್ಲ. ಆದ್ದರಿಂದ ಅದು ಹೆಚ್ಚು ಕಾಲ ನಡೆಯುತ್ತದೆ.

ಛೇದದ ವಿಷಯದಲ್ಲಿಯೂ ಸೂತ್ರದ ವ್ಯಾಖ್ಯಾನಕಾರರಾದ ಪೂಜ್ಯಪಾದರು ಕಿವಿ, ಮೂಗು ಮೊದಲಾದ ಅವಯವಗಳನ್ನು ಕತ್ತರಿಸುವುದೆಂದೇ ಹೇಳಿದ್ದಾರೆ. ಡಾಬರ್‌ಮನ್ ನಾಯಿಯ ಕಿವಿ ನಿಗುರಿ ನಿಲ್ಲಲೆಂದು ಕತ್ತರಿಸಿ, ಬಾಲವನ್ನು ಮೊಟಕುಗೊಳಿಸಿ ಮಾರಿದ್ದನ್ನು ಅಂದವೆಂದು ಕೊಂಡು ತರುವಾಗ ಈ ಮಾತು ಯಾರಿಗೂ ನೆನಪಾಗುವುದಿಲ್ಲ. ವಧ, ಅತಿಭಾರಗಳ ಮಾತು ಇಲ್ಲಿ ವಿಸ್ತರಿಸುವ ಅಗತ್ಯವಿಲ್ಲ. ಅವನ್ನು ತಪ್ಪೆಂದು ಎಲ್ಲರೂ ಬಲ್ಲರು. ಯಾರೂ ತಪ್ಪೆಂದು ಎಣಿಸದಿರುವುದು ಮೊದಲನೆಯ ಅತಿಚಾರವಾದ ಬಂಧವನ್ನು. ದಿನವಿಡೀ ಮೂರು ಮೊಳದ ಸರಪಳಿಯಲ್ಲಿ ಕಳೆಯುವ ನಾಯಿ, ಗಾಜಿನ ತೊಟ್ಟಿಯಲ್ಲಿ ಒಂಟಿಯಾಗಿ ಸುತ್ತುವ ಮೀನು, ರೆಕ್ಕೆ ಬಿಚ್ಚಲಾಗದ ಪಂಜರದ ಹಕ್ಕಿ, ಇವೆಲ್ಲ ಮನೆಯ ಅಲಂಕಾರಗಳ ಲೆಕ್ಕಕ್ಕೆ ಸೇರಿಬಿಟ್ಟಿವೆ. 1960ರ ಪ್ರಾಣಿಹಿಂಸಾ ತಡೆ ಅಧಿನಿಯಮದ 11ನೆಯ ಪ್ರಕರಣವು ಅನುಚಿತವಾಗಿ ಗಿಡ್ಡವಾದ ಅಥವಾ ಭಾರವಾದ ಸರಪಳಿಯಲ್ಲಿ ಹೆಚ್ಚು ಹೊತ್ತು ಬಿಗಿಯುವುದನ್ನೂ, ಅಲುಗಾಡಲು ಎಡೆಯಿಲ್ಲದ ಪಂಜರದಲ್ಲಿಡುವುದನ್ನೂ, ಸಾಕಷ್ಟು ಅನ್ನಪಾನ ಕೊಡದಿರುವುದನ್ನೂ ಅಪರಾಧವೆನ್ನುತ್ತದೆ. ಸೂತ್ರಕಾರರು ಹೇಳಿದ್ದನ್ನು ಸಂಸತ್ತು ಹೇಳಲು ಹದಿನೈದು ಶತಮಾನಗಳಿಗೂ ಮಿಕ್ಕಿ ಹಿಡಿಯಿತು. ಸೂತ್ರವನ್ನು ನಿತ್ಯ ಪಾರಾಯಣ ಮಾಡುವ ಮನೆಗಳಿಗೆ ಅದು ಮುಟ್ಟಲು ಇನ್ನೆಷ್ಟು ಕಾಲ ಹಿಡಿಯುವುದೋ ತಿಳಿಯದು.

ಆಹಾರ ಶುದ್ಧವಾಗಿದ್ದ ಮಾತ್ರಕ್ಕೆ ಸಾಕಣೆ ಶುದ್ಧವಾಗುವುದಿಲ್ಲವೆಂಬುದಕ್ಕೆ ಸಮಾಜದ ಕಣ್ಣೆದುರೇ ಒಂದು ಘಟನೆಯಿದೆ. ಕೊಲ್ಹಾಪುರ ಜಿಲ್ಲೆಯ ನಾಂದಣಿ ಜೈನ ಮಠ ಬೆಳಗಾವಿ ಸೀಮೆಯ ಶ್ರಾವಕರೂ ನಡೆದುಕೊಳ್ಳುವ ಪೀಠ. ಅಲ್ಲಿ ಮೂರು ದಶಕಗಳಿಗೂ ಹೆಚ್ಚು ಕಾಲ ಇದ್ದ ಮಹಾದೇವಿ ಎಂಬ ಹೆಣ್ಣಾನೆಯನ್ನು 2025ರ ಜುಲೈ ತಿಂಗಳಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಆದೇಶದಂತೆ ಗುಜರಾತಿನ ಜಾಮನಗರದ ವನತಾರಾ ಕೇಂದ್ರಕ್ಕೆ ಸಾಗಿಸಲಾಯಿತು. ಸರ್ವೋಚ್ಚ ನ್ಯಾಯಾಲಯವೂ ಆ ಆದೇಶವನ್ನು ತಡೆಯಲಿಲ್ಲ. ಊರೂರಿನ ಭಕ್ತರು ಕಣ್ಣೀರಿಟ್ಟರು, ಸಾವಿರಾರು ಜನ ಬೀದಿಗಿಳಿದರು. ಅವರ ಪ್ರೀತಿ ಸುಳ್ಳಲ್ಲ. ಆನೆಯನ್ನು ಸಾಗಿಸಿದ ರೀತಿಯ ಬಗೆಗೂ, ಸಾಗಿಸಿದ ಸ್ಥಳದ ಬಗೆಗೂ ಪ್ರಶ್ನೆ ಕೇಳುವ ಹಕ್ಕು ಅವರಿಗಿತ್ತು. ಆದರೆ ನ್ಯಾಯಾಲಯದ ಮುಂದಿದ್ದ ಪ್ರಶ್ನೆ ಪ್ರೀತಿಯದಾಗಿರಲಿಲ್ಲ, ಆನೆಯ ಪಾದ ಮತ್ತು ಕೀಲುಗಳ ಸ್ಥಿತಿಯದಾಗಿತ್ತು, ಅದರ ಒಂಟಿತನದ್ದಾಗಿತ್ತು. ಮೆರವಣಿಗೆಗಿಂತ ಪ್ರಾಣಿಯ ಯೋಗಕ್ಷೇಮ ದೊಡ್ಡದೆಂದು ಅದು ಎಣಿಸಿತು. ಆನೆ ಹುಟ್ಟು ಸಸ್ಯಾಹಾರಿ. ಹುಲ್ಲು, ಕಬ್ಬು, ಬೆಲ್ಲದ ವಿಷಯದಲ್ಲಿ ಯಾರೂ ತಕರಾರು ತೆಗೆಯಲಿಲ್ಲ. ಹಿಂಡಿನಲ್ಲಿ ಹರದಾರಿಗಟ್ಟಲೆ ನಡೆಯುವ ಜೀವಿಯೊಂದು ಗಟ್ಟಿ ನೆಲದ ಮೇಲೆ ಒಂಟಿಯಾಗಿ ನಿಂತು ವಯಸ್ಸು ಕಳೆಯುವುದನ್ನು ಜೀವದಯೆಯೆಂದು ಕರೆಯಬಹುದೇ ಎಂಬ ಪ್ರಶ್ನೆಯನ್ನು ಜೈನರೇ ಮೊದಲು ಕೇಳಬೇಕಾಗಿತ್ತು. ಹೊರಗಿನವರು ಕೇಳಿದ ಮೇಲೆ ಅದು ಅವಮಾನವಾಗಿ ಕಂಡಿತು.

ಹಾಗಾದರೆ ಶ್ರಾವಕನು ಬೆಕ್ಕಿಗಾಗಿ ಕಸಾಯಿಖಾನೆಯ ಮುಂದೆ ನಿಲ್ಲಬೇಕೇ ಎಂದು ಕೆರಳುವವರುಂಟು. ನಿಲ್ಲಬೇಕಾಗಿಲ್ಲ. ಒಂದು ಜೀವವನ್ನು ಉಳಿಸಲು ದಿನವೂ ಬೇರೆ ಜೀವಗಳ ವಧೆಗೆ ಹಣ ಕೊಡುವುದು ಅಣುವ್ರತಿಯಿಂದ ಆಗದ ಮಾತು. ಒಂದು ಕಡೆ ಬೆಕ್ಕಿನ ದೇಹ, ಇನ್ನೊಂದು ಕಡೆ ಕೋಳಿಯ, ಮೀನಿನ ಪ್ರಾಣ: ಈ ಇಕ್ಕಟ್ಟು ನಿಜವಾದದ್ದು, ಇದಕ್ಕೆ ಸುಲಭದ ಬಿಡುಗಡೆಯಿಲ್ಲ. ಆದ್ದರಿಂದಲೇ ಇಕ್ಕಟ್ಟನ್ನು ಮನೆಗೆ ಕೊಂಡು ತರಬಾರದು. ಮಗುವಿನ ಹುಟ್ಟುಹಬ್ಬಕ್ಕೆ ಪರ್ಷಿಯನ್ ಬೆಕ್ಕಿನ ಮರಿಯನ್ನು ಉಡುಗೊರೆ ತಂದು, ತಿಂಗಳು ಕಳೆದ ಮೇಲೆ ಅದಕ್ಕೆ ಏನು ತಿನ್ನಿಸುವುದೆಂದು ಮುನಿಗಳ ಬಳಿ ಕೇಳಲು ಹೋಗುವುದು ಮನೆಗೆ ಬೆಂಕಿಯಿಟ್ಟು ಬಾವಿ ತೋಡಲು ಮುಹೂರ್ತ ಕೇಳಿದಂತೆ.

ಕೊಂಡು ತಂದದ್ದಲ್ಲದೆ ತಾನಾಗಿ ಬಂದು ಬಿದ್ದ ಜೀವಿಯ ಪ್ರಶ್ನೆ ಬೇರೆ. ಮಳೆಯಲ್ಲಿ ತಾಯಿಯನ್ನು ಕಳೆದುಕೊಂಡ ಮರಿ, ಕಾಲು ಮುರಿದ ಹದ್ದು ಬಸದಿಯ ಮೆಟ್ಟಿಲ ಮೇಲೆ ಕಂಡಾಗ ಏನು ಮಾಡುವುದು? ದೆಹಲಿಯ ಕೆಂಪುಕೋಟೆಯ ಎದುರಿನ ಲಾಲ್ ಮಂದಿರದ ಆವರಣದಲ್ಲಿ ದಿಗಂಬರ ಜೈನ ಸಮಾಜ ನಡೆಸುವ ಪಕ್ಷಿಗಳ ಧರ್ಮಾಸ್ಪತ್ರೆ ಇದಕ್ಕೊಂದು ಉತ್ತರ ಕಂಡುಕೊಂಡಿತ್ತು. 1930ರ ಸುಮಾರಿಗೆ ಆರಂಭವಾದ ಆ ಸಂಸ್ಥೆಯ ಸೇವೆ ಜೈನರೆಲ್ಲರೂ ತಲೆಯೆತ್ತಿ ಹೇಳಿಕೊಳ್ಳುವಂತಹುದು. ಗಾಳಿಪಟದ ದಾರಕ್ಕೆ ಸಿಕ್ಕಿ ರೆಕ್ಕೆ ಹರಿದ ಪಾರಿವಾಳಗಳಿಗೆ ಅಲ್ಲಿ ಉಚಿತ ಚಿಕಿತ್ಸೆ. ಆದರೆ ಮಾಂಸಾಹಾರಿ ಪಕ್ಷಿಗಳನ್ನು ಒಳರೋಗಿಗಳಾಗಿ ಸೇರಿಸಿಕೊಳ್ಳದಿರುವುದು ಅಲ್ಲಿನ ಹಳೆಯ ಪದ್ಧತಿ. ಹದ್ದಿಗೆ ಬೇಳೆ ತಿನ್ನಿಸಿ ಸಾಯಿಸುವುದಕ್ಕಿಂತ ಇದು ಪ್ರಾಮಾಣಿಕವಾದ ನಿಲುವೆಂದು ಒಪ್ಪಬೇಕು. ಆದರೂ ಬಾಗಿಲಲ್ಲಿ ಉಳಿದ ಹದ್ದು ಎಲ್ಲಿಗೆ ಹೋಗಬೇಕು? ಅದೇ ದೆಹಲಿಯಲ್ಲಿ ಗಾಯಗೊಂಡ ಹದ್ದುಗಳನ್ನು ಉಪಚರಿಸುತ್ತಿರುವ ಇಬ್ಬರು ಮುಸ್ಲಿಂ ಸಹೋದರರ ಕುರಿತು 2022ರಲ್ಲಿ ‘ಆಲ್ ದಟ್ ಬ್ರೀದ್ಸ್’ ಎಂಬ ಸಾಕ್ಷ್ಯಚಿತ್ರ ಬಂದಿತು. ತಾವು ಎಳೆಯರಿದ್ದಾಗ ಗಾಯಗೊಂಡ ಹದ್ದೊಂದನ್ನು ಪಕ್ಷಿ ಆಸ್ಪತ್ರೆಗೆ ಒಯ್ದರೆ, ಅದು ಮಾಂಸಾಹಾರಿಯೆಂದು ಹಿಂದಕ್ಕೆ ಕಳುಹಿಸಿದರೆಂದೂ ಅಲ್ಲಿಂದಲೇ ತಮ್ಮ ಕೆಲಸ ಮೊದಲಾಯಿತೆಂದೂ ಅವರು ಹೇಳಿಕೊಂಡಿ­ದ್ದಾರೆ. ಜೀವದಯೆಯನ್ನು ಕುಲಧರ್ಮವೆನ್ನುವ ಸಮಾಜ ಓದಿ ನುಂಗಿಕೊಳ್ಳಬೇಕಾದ ಸಂಗತಿ ಇದು.

ಅಂತಹ ಜೀವಿಗೆ ಮೊದಲ ಉಪಚಾರ ಮಾಡಿ, ಅದರ ಸ್ವಭಾವಕ್ಕೆ ತಕ್ಕ ಆರೈಕೆ ಬಲ್ಲ ಪುನರ್ವಸತಿ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ಅದನ್ನು ಮುಟ್ಟಿಸುವುದರಲ್ಲಿ ವ್ರತಭಂಗವಿಲ್ಲ. ಬೆಕ್ಕಿನ ಮರಿಯನ್ನು ಅದರ ಆಹಾರಕ್ಕೆ ಅಡ್ಡಿ ಮಾಡದ ಮನೆಗೆ ಒಪ್ಪಿಸುವುದು ಅದರ ಮೇಲಣ ಪ್ರೀತಿಯನ್ನು ಕಡಿಮೆ ಮಾಡಿದಂತಲ್ಲ. ಕಾರ್ಖಾನೆಯಲ್ಲಿ ಪ್ರಾಣಿಮೂಲವಿಲ್ಲದೆ ತಯಾರಾಗುವ ಟಾರಿನ್ ಸೇರಿಸಿದ ವೀಗನ್ ಬೆಕ್ಕಿನ ಆಹಾರಗಳು ಇಂದು ಉಂಟು. 1,369 ಬೆಕ್ಕುಗಳ ಒಡೆಯರು ಕೊಟ್ಟ ಉತ್ತರಗಳ ಮೇಲೆ 2023ರಲ್ಲಿ ಪ್ರಕಟವಾದ ಅಧ್ಯಯನವೂ ಅವುಗಳ ಪರವಾಗಿಯೇ ಮಾತನಾಡಿದೆ. ಆದರೆ ನಾಯಿಯ ವಿಷಯದಲ್ಲಿ ಸಡಿಲಗೊಂಡ ಬ್ರಿಟನ್ನಿನ ವೈದ್ಯ ಸಂಘ ಬೆಕ್ಕಿನ ವಿಷಯದಲ್ಲಿ ಒಪ್ಪಿಗೆ ಕೊಟ್ಟಿಲ್ಲ. ಈಗಾಗಲೇ ಮನೆಯಲ್ಲಿರುವ, ಬೇರೆಲ್ಲಿಯೂ ಕಳುಹಿಸಲಾಗದ ಬೆಕ್ಕಿಗೆ ಇಂತಹ ಆಹಾರ ಕೊಡುವವನು ವೈದ್ಯರ ಬಳಿ ಅದರ ಮೂತ್ರವನ್ನೂ ಹೃದಯವನ್ನೂ ನಿಯತವಾಗಿ ಪರೀಕ್ಷಿಸಿಸಲಿ. ಪರೀಕ್ಷೆ ಕೆಟ್ಟದ್ದನ್ನು ಹೇಳಿದ ದಿನ ತನ್ನ ಹಟವನ್ನು ಬಿಡುವ ಧೈರ್ಯವೂ ಅವನಿಗಿರಲಿ.

ವೀಗನ್ ತರುಣರ ಮಾತನ್ನು ಹಿರಿಯರು ನಗೆಯಾಡಿ ತಳ್ಳುವುದು ಸರಿಯಲ್ಲ. ಹಾಲು ಕೊಡುವ ಹಸುವಿನ ಗಂಡುಕರು ಎಲ್ಲಿಗೆ ಹೋಯಿತು ಎಂಬ ಅವರ ಪ್ರಶ್ನೆಗೆ ಅಭಿಷೇಕದ ಬಿಂದಿಗೆ ಹಿಡಿದು ನಿಂತವರಲ್ಲಿ ಉತ್ತರವಿಲ್ಲ. ಅಮೆರಿಕದಲ್ಲಿ ಜೈನಧರ್ಮ ಪ್ರಸಾರ ಮಾಡಿದ ಗುರುದೇವ ಚಿತ್ರಭಾನು (1922–2019) ಅವರೂ ಹಾಲಿನ ತ್ಯಾಗವನ್ನು ಉಪದೇಶಿಸಿದರು. ಆದರೆ ತರುಣರು ಒಂದನ್ನು ಗಮನಿಸಬೇಕು. ಅವರು ಹಾಲನ್ನು ಬಿಟ್ಟದ್ದು ಓದಿ, ತಿಳಿದು, ಮನೆಯವರೊಡನೆ ವಾದಿಸಿ. ಅವರ ನಾಯಿ ಬಿಟ್ಟದ್ದು ಸರಪಳಿಯ ಬಲದಿಂದ. ಅಷ್ಟಕ್ಕೂ ಸಸ್ಯಾಹಾರವೆಂದು ಹಸಿರು ಗುರುತು ಹೊತ್ತು ಬರುವ ಪೊಟ್ಟಣದೊಳಗಿನ ಡಿ-3 ಜೀವಸತ್ವ ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬಂದದ್ದು. ಪೊಟ್ಟಣದ ಮೇಲೆ ಎಲುಬಿನ ಆಕಾರದ ಬಿಸ್ಕತ್ತಿನ ಚಿತ್ರ ಬೇರೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಯಶೋಧರನ ಕಥೆಯನ್ನು ಕೇಳುತ್ತ ಬೆಳೆದವರ ಮನೆಯಲ್ಲಿ ಹಿಟ್ಟಿನ ಎಲುಬು ಯಾವ ಸಂಕೋಚವೂ ಇಲ್ಲದೆ ಕಪಾಟಿನಲ್ಲಿ ಕುಳಿತಿದೆ.

ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿ ಸಾಕುಪ್ರಾಣಿಗಳ ಕಥೆಯೂ ಇದೆಯೆಂಬುದು ಬಲಿಯ ಮಾತಿನ ಗದ್ದಲದಲ್ಲಿ ಮರೆತುಹೋಗುತ್ತದೆ. ಸತ್ತ ಯಶೋಧರ ನವಿಲಾಗಿ, ಅವನ ತಾಯಿ ಚಂದ್ರಮತಿ ನಾಯಿಯಾಗಿ ಹುಟ್ಟಿ, ಯಶೋಮತಿಯ ಅರಮನೆಗೆ ಬರುತ್ತಾರೆ. ಅರಸನಿಗೆ ಅವೆರಡೂ ಅಚ್ಚುಮೆಚ್ಚು. ತನ್ನ ಅಂಗಳದಲ್ಲಿ ಕುಣಿಯುವುದು ತಂದೆಯೆಂದೂ ಕಾಲ ಬಳಿ ಕೂರುವುದು ಅಜ್ಜಿಯೆಂದೂ ಅವನಿಗೆ ತಿಳಿಯದು. ನವಿಲನ್ನು ನಾಯಿ ಕೊಲ್ಲುತ್ತದೆ, ನಾಯಿಯನ್ನು ಅರಸ ಕೊಲ್ಲುತ್ತಾನೆ. ಅಕ್ಕರೆಯಿದ್ದೂ ಆ ಅರಮನೆಯಲ್ಲಿ ಅವಕ್ಕೆ ರಕ್ಷೆಯಿರಲಿಲ್ಲ. ಏಕೆಂದರೆ ಅರಸನ ಅಕ್ಕರೆ ಆ ಪ್ರಾಣಿಗಳ ಅಂದದ ಮೇಲಿತ್ತೇ ಹೊರತು ಅವುಗಳ ಒಳಗಿದ್ದ, ತನ್ನದೇ ಯಾತ್ರೆಯ ಮೇಲಿದ್ದ ಜೀವದ ಮೇಲಿರಲಿಲ್ಲ.

ಬಸದಿಗಳ ಆಡಳಿತ ಮಂಡಳಿಗಳೂ ಸಮಾಜದ ಟ್ರಸ್ಟುಗಳೂ ಈ ವಿಷಯದಲ್ಲಿ ಮೌನವಾಗಿರುವುದು ಇನ್ನು ಸಲ್ಲದು. ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು 1972ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಂತೆ ಅಪರಾಧ; ಆದರೂ ಧರ್ಮಶಾಲೆಯ ಪಡಸಾಲೆಯಲ್ಲಿ ಗಿಳಿಗೆ ಣಮೋಕಾರ ಕಲಿಸುವುದನ್ನು ಭಕ್ತಿಯೆಂದು ಕೊಂಡಾಡುವವರಿದ್ದಾರೆ. ಮಹಾವೀರ ಜಯಂತಿಯಂದು ಹಕ್ಕಿಗಳನ್ನು ಕೊಂಡು ಹಾರಿಬಿಡುವ ಪುಣ್ಯಕಾರ್ಯವೂ ನಡೆಯುತ್ತದೆ. ಕೊಳ್ಳುವವರು ಇದ್ದಾರೆಂದೇ ಬಲೆ ಬೀಸುವವರು ಹಿಂದಿನ ವಾರ ಕಾಡಿಗೆ ಹೋಗಿರುತ್ತಾರೆ. ಬಲೆಯಲ್ಲಿ, ಬುಟ್ಟಿಯಲ್ಲಿ ಸತ್ತ ಹಕ್ಕಿಗಳ ಲೆಕ್ಕ ಉತ್ಸವದ ಖರ್ಚಿನ ಪಟ್ಟಿಯಲ್ಲಿ ಬರುವುದಿಲ್ಲ. ಆವರಣದಲ್ಲಿ ಪಂಜರವಿರಬಾರದು, ಉತ್ಸವಕ್ಕೆ ಹಕ್ಕಿ ಕೊಳ್ಳಬಾರದು, ಆನೆಯ ದಾನವನ್ನು ಸ್ವೀಕರಿಸಬಾರದು ಎಂಬ ಮೂರು ಠರಾವುಗಳನ್ನು ಅಂಗೀಕರಿಸಲು ಯಾವ ಸಂಸ್ಥೆಗೂ ಕಾಸಿನ ವೆಚ್ಚವಿಲ್ಲ.

ವೆಚ್ಚ ಮಾಡಬೇಕಾದ ಕಡೆಗಳು ಬೇರೆ ಇವೆ. ಪ್ರತಿ ಬಸದಿಯಲ್ಲಿಯೂ ಜೀವದಯಾ ನಿಧಿಯೆಂಬ ಹುಂಡಿಯಿದೆ. ಪರ್ವದ ದಿನಗಳಲ್ಲಿ ಅದಕ್ಕೆ ಧಾರಾಳವಾಗಿ ಹಣ ಬೀಳುತ್ತದೆ. ಬೀದಿಯಲ್ಲಿ ಹುಟ್ಟಿ ಬೀದಿಯಲ್ಲಿ ಸಾಯುವ ನಾಯಿಮರಿಗಳಿಗೆ ಹುಚ್ಚುನಾಯಿ ರೋಗದ ಲಸಿಕೆ, ಬೇಸಿಗೆಯಲ್ಲಿ ನೀರಿನ ತೊಟ್ಟಿ, ತಿಂಗಳಿಗೊಮ್ಮೆ ಊರಿನ ಪಶುವೈದ್ಯರ ಭೇಟಿ, ಗಾಯಗೊಂಡ ಹದ್ದು ಗೂಬೆಗಳನ್ನು ತಕ್ಕ ಕೇಂದ್ರಕ್ಕೆ ಒಯ್ಯುವ ಬಾಡಿಗೆ ವಾಹನ, ತಳಿ ನಾಯಿ ಕೊಳ್ಳಲು ಹೊರಟ ಕುಟುಂಬಕ್ಕೆ ಬೀದಿಯ ಮರಿಯೊಂದನ್ನು ತೋರಿಸಿ, ಅದರ ಸಸ್ಯಾಹಾರವನ್ನು ಹೇಗೆ ಪೂರ್ಣಗೊಳಿಸಬೇಕೆಂದು ತಿಳಿಸಿಕೊಡುವ ಒಂದು ಮುದ್ರಿತ ಹಾಳೆ: ಇವುಗಳಿಗೆ ಆ ನಿಧಿ ಸಾಲದೇ ಹೋಗುವುದಿಲ್ಲ. ಮುಂದಿನ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವಾಗ, ಜೀವದಯಾ ನಿಧಿಯಿಂದ ಈ ವರ್ಷ ಪಶುವೈದ್ಯರಿಗೆ ಸಂದಾಯವಾದ ಹಣವೆಷ್ಟು ಎಂದು ಸದಸ್ಯರಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳಲಿ.